ಇಲಿ ಕಾಟವೇ? ಪಾಷಾಣ ಆಮೇಲೆ, ಮೊದಲು ತೂತು ಮುಚ್ಚಿ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಗದ್ದೆ ಪಕ್ಕ ಮನೆ ಇರುವವರಿಗೆ ಇದು ಗೊತ್ತೇ ಇದೆ. ಕಬ್ಬು ಕಡಿದು ಗದ್ದೆ ಬಯಲಾದರೆ ಇಲಿಗಳಿಗೆ ಮರೆಯೂ ಇಲ್ಲ, ಮೇವೂ ಇಲ್ಲ, ಸೀದಾ ಮನೆಗೆ ನುಗ್ಗುತ್ತವೆ. ತಕ್ಷಣ ಅಂಗಡಿಗೆ ಓಡಿ ಪಾಷಾಣ ತರುತ್ತೇವೆ, ಅಲ್ವಾ? ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ದಾರಿ ತೆರೆದೇ ಇದ್ದರೆ ಇವತ್ತು ನಾಲ್ಕು ಸತ್ತರೂ ನಾಳೆ ಇನ್ನು ನಾಲ್ಕು ಬರುತ್ತವೆ. ಗಬ್ಬವಾದ ಇಲಿ ಸುಮಾರು 3 ವಾರಕ್ಕೇ ಮರಿ ಹಾಕುತ್ತದೆ.

ಹಗಲಲ್ಲಿ ಬಾಗಿಲು, ಕಿಟಕಿ ಎಲ್ಲ ಹಾಕಿ ಒಳಗೆ ಕತ್ತಲು ಮಾಡಿ, ಬಗ್ಗಿ ನೋಡಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತೋ ಅಲ್ಲೆಲ್ಲ ದಾರಿ ಇದೆ ಅಂತ ಲೆಕ್ಕ. ಬಾಗಿಲ ಕೆಳಗಿನ ಸಂದು, ಸಿಂಕಿನ ಪೈಪು ಗೋಡೆ ಹೊಕ್ಕ ಜಾಗ, ಬಚ್ಚಲ ಮೋರಿ, ಹೆಂಚಿನ ಮನೆಯಾದರೆ ಗೋಡೆ ಮತ್ತು ಸೂರು ಸೇರುವ ಕಡೆ. ಪುಟ್ಟ ಇಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ 6 ಮಿಲಿಮೀಟರ್ ಸಂದು ಸಾಕು. ಬಟ್ಟೆ, ರಟ್ಟು, ಥರ್ಮಾಕೋಲ್ ತುರುಕಿದರೆ ರಾತ್ರೋರಾತ್ರಿ ಕಡಿದು ಹಾಕುತ್ತವೆ, ಸುಮ್ನೆ ಕೆಲಸ ದಂಡ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಬಿಗಿಯಾಗಿ ತುಂಬಿ ಮೇಲೆ ಸಿಮೆಂಟ್ ಮೆತ್ತಿ. ಬಾಗಿಲಿಗೆ ತಗಡಿನ ಪಟ್ಟಿ, ಮೋರಿಗೆ ಕಬ್ಬಿಣದ ಜಾಲರಿ ಹಾಕಿಸಿ. ಅಂಗಳದಲ್ಲಿ ಮಣ್ಣು ಗುಡ್ಡೆ ಹಾಕಿ ಬಿಲ ತೋಡಿದ್ದರೆ ಅದು ಹೆಗ್ಗಣದ ಕೆಲಸ, ಮನೆ ಪಾಯದ ಹತ್ತಿರ ಇದ್ದರೆ ತಡ ಮಾಡಬೇಡಿ.

ಆಮೇಲೆ ಬೋನು. ಗೋಡೆಯ ಬುಡದಲ್ಲಿ ಜಿಡ್ಡು ಹತ್ತಿದ ಕಪ್ಪು ಗೆರೆ ಕಂಡರೆ ಅದೇ ಇಲಿ ದಾರಿ, ಅಲ್ಲೇ ಗೋಡೆಗೆ ಒತ್ತಿ ಇಡಿ. ಕೋಣೆಯ ಮಧ್ಯೆ ಇಟ್ಟರೆ ಬೀಳುವುದು ಕಷ್ಟ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ ಜಾಸ್ತಿ, ಅದಕ್ಕೆ ಮೊದಲ ಎರಡು ಮೂರು ರಾತ್ರಿ ಬೋನನ್ನು ಹೂಡದೆ ಬರೀ ತಿಂಡಿ ಇಟ್ಟು ಬಿಡಿ, ಧೈರ್ಯವಾಗಿ ತಿನ್ನತೊಡಗಿದ ಮೇಲೆ ಹೂಡಿ. ಮಸಾಲೆ ವಡೆ ಚೂರು, ಇಲ್ಲ ಸುಟ್ಟ ಕೊಬ್ಬರಿ ಒಳ್ಳೆಯದು. ಕೊಕ್ಕೆಗೆ ದಾರದಲ್ಲಿ ಕಟ್ಟಿ, ಎಳೆದಾಗಲೇ ಬಾಗಿಲು ಬೀಳಬೇಕು. ಅಂಟಿನ ಹಲಗೆ ನಾನಂತೂ ಬೇಡ ಅನ್ನುತ್ತೇನೆ, ಪ್ರಾಣಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ.

ದಿನಸಿ ಅಂಗಡಿ, ಹೋಟೆಲ್, ಆಲೆಮನೆ ಇಟ್ಟವರು ಮೂಟೆ, ಬೆಲ್ಲದ ಅಚ್ಚುಗಳನ್ನು ನೆಲಕ್ಕೆ ಇಡಬೇಡಿ. ಹಲಗೆ ಹಾಕಿ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ, ಹಿಂದೆ ಪೊರಕೆ ಆಡುವಂತಿರಲಿ. ಮುಸುರೆ, ಕಸ ರಾತ್ರಿಯೇ ಹೊರಗೆ ಹೋಗಲಿ.

ಇಷ್ಟಾದರೂ ಪಾಷಾಣ ಬೇಕೇ ಬೇಕು ಅಂದರೆ ಯಾವುದು ಅಂತ ನೋಡಿ ತನ್ನಿ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿಗೆ ರಕ್ತ ಹೆಪ್ಪುಗಟ್ಟದೆ ಕೆಲವು ದಿನದ ಮೇಲೆ ಸಾಯುತ್ತದೆ. ಮನುಷ್ಯರಿಗೆ ಹೊಟ್ಟೆಗೆ ಹೋದರೆ ಆಸ್ಪತ್ರೆಯಲ್ಲಿ ವಿಟಮಿನ್ ಕೆ ಕೊಡುತ್ತಾರೆ. ಜಿಂಕ್ ಫಾಸ್ಫೈಡ್ ಪುಡಿಗಾಗಲಿ, ಹಳದಿ ರಂಜಕದ ಪೇಸ್ಟಿಗಾಗಲಿ ಅಂಥ ಮದ್ದೇ ಇಲ್ಲ. ಪೇಸ್ಟ್ ತಿಂದವರು ಮೊದಲ ದಿನ ಚೆನ್ನಾಗಿಯೇ ಕಾಣಬಹುದು, ಆಮೇಲೆ ಲಿವರ್ ಕೈಕೊಡುತ್ತದೆ. ಅದನ್ನು ಮನೆಯೊಳಗೆ ತರಲೇಬೇಡಿ. ಯಾರಾದರೂ ಯಾವುದೇ ಪಾಷಾಣ ತಿಂದಿರಬಹುದು ಅಂತ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ. ಸತ್ತ ಇಲಿಯನ್ನು ಹೊರಗೆ ಎಸೆಯದೆ ಹೂಳಿ, ತಿಂದ ಗೂಬೆ, ಬೆಕ್ಕು, ನಾಯಿಗೂ ವಿಷ ಏರುತ್ತದೆ.

ಹಿಕ್ಕೆಯನ್ನು ಒಣಗಿದ್ದಾಗಲೇ ಗುಡಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಗ್ಲೌಸ್ ಹಾಕಿ ಒರೆಸಿ. ಇಲಿಯ ಉಚ್ಚೆ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು, ಗದ್ದೆ ಕೆಸರಲ್ಲಿ ಕೆಲಸ ಮಾಡುವವರಿಗೆ ಈ ಭಯ ಇನ್ನೂ ಜಾಸ್ತಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿದರೆ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಇಲಿ ಇದೆ ಅನ್ನುವುದನ್ನೂ ಹೇಳಿ.