ಮೂಗು ಕಟ್ಟುತ್ತಿದ್ದರೆ ಉಪ್ಪುನೀರಲ್ಲಿ ತೊಳೆದು ನೋಡಿ
ಚಿಕ್ಕಮಗಳೂರಿನ ಚಳಿ, ಜೊತೆಗೆ ಕಾಫಿ ಒಣಗಿಸುವ ಕಣದ ಧೂಳು. ಬೆಳಗ್ಗೆ ಎದ್ದರೆ ಸೀನು ನಿಲ್ಲುತ್ತಿರಲಿಲ್ಲ. ಜಲನೇತಿ, ಅಂದರೆ ಉಪ್ಪುನೀರಲ್ಲಿ ಮೂಗು ತೊಳೆಯುವುದು, ಶುರು ಮಾಡಿದ ಮೇಲೆ ನನಗೆ ಎಷ್ಟೋ ಹಗುರ.

ನೀರಿನ ಬಗ್ಗೆ ಮಾತ್ರ ತುಂಬಾ ಎಚ್ಚರ. ನಲ್ಲಿ, ಬಾವಿ, ಝರಿ ನೀರನ್ನು ಹಾಗೇ ಮೂಗಿಗೆ ಬಿಡಲೇಬೇಡಿ. ಅದರಲ್ಲಿ ಅಮೀಬಾ ಎಂಬ ಸೂಕ್ಷ್ಮಜೀವಿ ಇದ್ದರೆ ಮೂಗಿನಿಂದ ಮೆದುಳಿಗೇ ಹೋಗಬಹುದು. ಕುಡಿದರೆ ಏನೂ ಆಗದ ನೀರೂ ಮೂಗಿಗೆ ಅಪಾಯ ಅಲ್ವಾ! 3ರಿಂದ 5 ನಿಮಿಷ ಕುದಿಸಿ, ಉಗುರು ಬೆಚ್ಚಗಾಗಲು ಬಿಡಿ. 250 ಮಿ.ಲೀ.ಗೆ ಸುಮಾರು 2 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಸಾಕು. ಉಪ್ಪು ಕಡಿಮೆಯಾದರೂ ಜಾಸ್ತಿಯಾದರೂ ಉರಿಯುತ್ತದೆ.

ಸಿಂಕ್ ಮೇಲೆ ಬಗ್ಗಿ, ತಲೆ ಒಂದು ಕಡೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೂತಿ ಇರುವ ನೇತಿ ಪಾತ್ರೆಯಿಂದ ಮೇಲಿನ ಹೊಳ್ಳೆಗೆ ನಿಧಾನಕ್ಕೆ ಹೊಯ್ಯಿರಿ. ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಆಮೇಲೆ ಮೂಗನ್ನು ಜೋರಾಗಿ ಸೀಟಬೇಡಿ, ಮೆಲ್ಲಗೆ ಸೀಟಿ. ಪಾತ್ರೆ ತೊಳೆದು ಒಣಗಿಸಿಡಿ. ಕಿವಿನೋವು, ಜ್ವರ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ.