ಸೇಂಟ್ ಆಂಡ್ರ್ಯೂಸ್‌ನಲ್ಲಿ ಗಾಲ್ಫ್ ಆಡುವ ಆಸೆಯೇ?

ಮಕ್ಕಳ ಮನೆಗೆಂದು ಸ್ಕಾಟ್ಲೆಂಡ್‌ಗೆ ಹೋಗುವ ದಾವಣಗೆರೆಯವರೇ, ಅಲ್ಲಿನ ಸೇಂಟ್ ಆಂಡ್ರ್ಯೂಸ್ ಊರಿನ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಆಡಬೇಕೆಂದರೆ ಭಾನುವಾರ ಹೋಗಬೇಡಿ. ಅವತ್ತು ಸಾಮಾನ್ಯವಾಗಿ ಆಟ ಇರುವುದಿಲ್ಲ. ಊರವರು ನಾಯಿ ಹಿಡಿದುಕೊಂಡು ವಾಕಿಂಗ್ ಮಾಡುತ್ತಿರುತ್ತಾರೆ. ನಾನು ಚೀಲ ಹೊತ್ತು ಹೋಗಿದ್ದು ಅಂಥ ಭಾನುವಾರವೇ! ಮೈದಾನದೊಳಗಿನ ಹಳೆಯ ಕಲ್ಲಿನ ಸ್ವಿಲ್ಕನ್ ಸೇತುವೆ ಮೇಲೆ ಸುಮ್ನೆ ಫೋಟೋ ತೆಗೆಸಿಕೊಂಡು ಬಂದೆ.

ಮುಂಗಡ ಬುಕಿಂಗ್ ಸಿಗದಿದ್ದರೆ ಎರಡು ದಿನ ಮೊದಲು, ಆಡಲು ಸರದಿ ಕೊಡುವ ಲಾಟರಿಗೆ ಹೆಸರು ಕೊಡಿ. ನಿಮ್ಮ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಊರಿಂದಲೇ ಒಯ್ಯಿರಿ.

ಸಮುದ್ರದ ಗಾಳಿ ಅಂದರೆ ಚಿತ್ರದುರ್ಗದ ಗುಡ್ಡದಲ್ಲಿ ಗಾಳಿಯಂತ್ರದ ಕೆಳಗೆ ನಿಂತ ಹಾಗೆ, ಆದರೆ ಮೈ ಕೊರೆಯುವ ಥಂಡಿ. ಚೆಂಡನ್ನು ಜಾಸ್ತಿ ಎತ್ತಿ ಹೊಡೆಯಬೇಡಿ, ನೆಲದ ಮೇಲೆ ಉರುಳಿಸಿ. 18 ಕುಳಿಗಳಲ್ಲಿ 14 ಜೋಡಿ ಗ್ರೀನ್‌ಗಳಲ್ಲಿವೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ ಒಂದೇ, ಅದರಲ್ಲಿ ಕುಳಿ ಎರಡು. ಜೋಡಿ ಕುಳಿಗಳ ನಂಬರ್ ಕೂಡಿಸಿದರೆ 18 ಬರಬೇಕು: 2ಕ್ಕೆ 16, 3ಕ್ಕೆ 15. ಇದು ಗೊತ್ತಿಲ್ಲದಿದ್ದರೆ ಪಕ್ಕದವರ ಬಾವುಟಕ್ಕೇ ಹೊಡೆಯುತ್ತೀರಿ.