ಬೆಳವಣಿಗೆ ಹಾರ್ಮೋನ್ ಇಂಜೆಕ್ಷನ್: ಕೊಡಗಿನ ಮನೆಯಲ್ಲಿ ನಿಭಾಯಿಸುವುದು ಹೇಗೆ?

ಶಾಲೆಯ ಪ್ರಾರ್ಥನೆಯಲ್ಲಿ ಮಗು ಮೊದಲ ಸಾಲಿಗೆ ಬಂತೆಂದು ಗಾಬರಿಯಾಗಬೇಡಿ. ಮೊದಲು ಅಳೆಯಿರಿ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ನೆತ್ತಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಮಟ್ಟವಾಗಿ ಹಿಡಿದು ಪೆನ್ಸಿಲ್ ಗೆರೆ ಎಳೆಯಿರಿ. ಆರು ತಿಂಗಳ ನಂತರ ಅದೇ ಗೋಡೆ, ಅದೇ ಹೊತ್ತು. ಸಂಜೆಗಿಂತ ಬೆಳಗ್ಗೆ ಎತ್ತರ ತುಸು ಹೆಚ್ಚಿರುತ್ತದೆ. ನಾಲ್ಕು ವರ್ಷ ದಾಟಿದ ಮಕ್ಕಳು ಹರೆಯ ಬರುವವರೆಗೆ ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. 4 ಸೆಂ.ಮೀ. ಕೂಡ ಆಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. 'ಅಪ್ಪನೂ ಹೀಗೇ ಇದ್ದರು, ಆಮೇಲೆ ಬೆಳೆದರು' ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ನಿಜ. ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ, ಅಜ್ಜಿಯಲ್ಲ.

ಹೋಗುವಾಗ ತಾಯಿ ಕಾರ್ಡ್, ಅಂಗನವಾಡಿ ಮತ್ತು ಶಾಲೆಯಲ್ಲಿ ಬರೆದಿಟ್ಟ ಎತ್ತರ-ತೂಕ, ತಂದೆತಾಯಿಯ ಎತ್ತರ ಇವಿಷ್ಟು ಜೊತೆಗಿರಲಿ. ಥೈರಾಯ್ಡ್, ರಕ್ತಹೀನತೆ, ಮೂತ್ರಪಿಂಡದ ಪರೀಕ್ಷೆ, ಮೂಳೆಯ ವಯಸ್ಸು (ಮೂಳೆ ಎಷ್ಟು ಬಲಿತಿದೆ ಎಂಬುದು) ತಿಳಿಯಲು ಎಡಗೈ ಎಕ್ಸ್‌ರೇ ಮೊದಲು ಆಗುತ್ತವೆ. ಹೆಣ್ಣುಮಕ್ಕಳಿಗೆ ಟರ್ನರ್ ಸಿಂಡ್ರೋಮ್ (ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದೆಯೋ ಅಪೂರ್ಣವಾಗಿಯೋ ಹುಟ್ಟುವ ಸ್ಥಿತಿ) ಇದೆಯೇ ಎಂದು ಕ್ರೋಮೋಸೋಮ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಬೆಳವಣಿಗೆ ಹಾರ್ಮೋನ್ ಹೆಚ್ಚಾಗಿ ನಿದ್ದೆಯಲ್ಲಿ, ಅಲೆಅಲೆಯಾಗಿ ಬರುತ್ತದೆ. ಹಾಗಾಗಿ ಒಂದೇ ಸಲ ರಕ್ತ ತೆಗೆದರೆ ಏನೂ ತಿಳಿಯದು. ಹಾರ್ಮೋನ್ ಹೊರಬರುವಂತೆ ಪ್ರಚೋದಿಸುವ ಕ್ಲೊನಿಡಿನ್ ಅಥವಾ ಗ್ಲುಕಗಾನ್ ಔಷಧಿ ಕೊಟ್ಟು, ಗಂಟೆಗಟ್ಟಲೆ ಕೂರಿಸಿ ಹಲವು ಸಲ ರಕ್ತ ತೆಗೆಯುತ್ತಾರೆ. ಇದು ಖಾಲಿ ಹೊಟ್ಟೆಯ ಪರೀಕ್ಷೆ. ಮೈಸೂರಿಗೋ ಬೆಂಗಳೂರಿಗೋ ಬರಲು ಹೇಳಿದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ. ಹಸಿದ ಮಗುವನ್ನು ಬೆಳಗಿನ ಜಾವ ತಿರುವು ರಸ್ತೆಯ ಬಸ್ಸಿನಲ್ಲಿ ಕರೆದೊಯ್ಯಬೇಡಿ.

ಹಾರ್ಮೋನ್ ಕೊರತೆ ಇದೆಯೆಂದು ಗೊತ್ತಾದರೆ ಅದನ್ನೇ ಇಂಜೆಕ್ಷನ್ ಮೂಲಕ ಕೊಡುತ್ತಾರೆ. ಖರ್ಚಿನ ಮಾತು ಅದು ಶುರುವಾಗುವ ಮೊದಲೇ ಆಗಲಿ. ಡೋಸ್ ಮಗುವಿನ ತೂಕದ ಮೇಲೆ ನಿಂತಿದೆ, ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ, ಚಿಕಿತ್ಸೆ ವರ್ಷಗಟ್ಟಲೆ ನಡೆಯುತ್ತದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ, ಕೊರತೆ ಸಾಬೀತಾದವರ ಹಾರ್ಮೋನ್ ಚಿಕಿತ್ಸೆಯೂ ಸೇರಿದೆ. ನಿಮ್ಮ ಮಗುವಿಗೆ ಅನ್ವಯಿಸುತ್ತದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಇನ್ನು ಸೂಜಿ. ಸಾಮಾನ್ಯವಾಗಿ ದಿನಕ್ಕೊಂದು, ಮಲಗುವ ಮುನ್ನ. ಔಷಧಿ ತುಂಬಿದ, ಪೆನ್ನಿನಂತಿರುವ ಇಂಜೆಕ್ಷನ್ ಸಾಧನಕ್ಕೆ 'ಪೆನ್' ಎನ್ನುತ್ತಾರೆ. ಅದನ್ನು ಫ್ರಿಜ್‌ನಿಂದ ಹತ್ತು ನಿಮಿಷ ಮೊದಲೇ ಹೊರಗಿಡಿ, ತಣ್ಣಗಿನ ಔಷಧಿ ಹೆಚ್ಚು ಉರಿಯುತ್ತದೆ. ಕೈ ತೊಳೆದು ಹೊಸ ಸೂಜಿ ಸಿಕ್ಕಿಸಿ. ಪೆನ್ ಕುಲುಕಬೇಡಿ. ದ್ರವ ಮಬ್ಬಾಗಿದ್ದರೆ ಬಳಸಬೇಡಿ. ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚಿ, ಗುಂಡಿ ಒತ್ತಿ, ಹತ್ತರವರೆಗೆ ಎಣಿಸಿ ತೆಗೆಯಿರಿ. ಎಣಿಸುವ ಕೆಲಸ ಮಗುವಿಗೇ ಕೊಡಿ. ಇಂದು ಎಡತೊಡೆ, ನಾಳೆ ಬಲತೊಡೆ, ಮುಂದೆ ಪೃಷ್ಠ, ಹೀಗೆ ಜಾಗ ಬದಲಿಸದಿದ್ದರೆ ಚರ್ಮದಡಿ ಗಂಟು ಅಥವಾ ಗುಳಿ ಬೀಳುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಡಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೇ ಕೊಡಿ. ಕಾಫಿ ತೋಟದ ಗೊಬ್ಬರದ ಗುಂಡಿಗೆ ಹಾಕಿದರೆ ಅದು ಚುಚ್ಚುವುದು ಕೆಲಸದವರ ಕಾಲಿಗೆ.

ನಮ್ಮಲ್ಲಿ ದೊಡ್ಡ ಸಮಸ್ಯೆ ಮಳೆಗಾಲದ್ದು. ಔಷಧಿ 2ರಿಂದ 8 ಡಿಗ್ರಿಯಲ್ಲಿರಬೇಕು. ಆದರೆ ಜೂನ್, ಜುಲೈನಲ್ಲಿ ಮರ ಬಿದ್ದು ಕಂಬ ಉರುಳಿದರೆ ಒಳಗಿನ ಊರುಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಮೊದಲನೆಯದಾಗಿ, ಫ್ರಿಜ್ ಬಾಗಿಲು ಸುಮ್ಮನೆ ತೆಗೆಯಬೇಡಿ. ಫ್ರೀಜರ್‌ನಲ್ಲಿ ಎರಡು ಐಸ್ ಪ್ಯಾಕ್ ಯಾವಾಗಲೂ ಸಿದ್ಧವಿರಲಿ. ಅವನ್ನು ಟವೆಲ್‌ನಲ್ಲಿ ಸುತ್ತಿ, ಐಸ್ ಬಾಕ್ಸ್‌ನಲ್ಲಿ ಪೆನ್ ಜೊತೆಗಿಡಿ. ಐಸ್ ನೇರವಾಗಿ ತಾಗಿದರೆ ಔಷಧಿ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ್ದು ಕರಗಿದರೂ ಪ್ರಯೋಜನವಿಲ್ಲ. ಬಯಲುಸೀಮೆಯವರು ಹೇಳುವ, ಒದ್ದೆ ಮರಳಿನ ನಡುವೆ ಮಡಕೆಯಿಡುವ ಉಪಾಯವನ್ನು ಇಲ್ಲಿ ನಂಬಬೇಡಿ. ನೀರು ಆರಿದರೆ ತಾನೇ ಮಡಕೆ ತಣ್ಣಗಾಗುವುದು, ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಆರುವುದಿಲ್ಲ. ಕೆಲವು ಕಂಪನಿಗಳ ಪೆನ್ 25 ಡಿಗ್ರಿಯೊಳಗೆ ಕೆಲವು ದಿನ ಹೊರಗಿರಬಲ್ಲದು. ಕೊಡಗಿನ ಮನೆಗೆ ಅಂಥದ್ದೇ ಒಳ್ಳೆಯದು. ಬರೆದುಕೊಡುವಾಗಲೇ ವೈದ್ಯರಿಗೆ ಕರೆಂಟಿನ ಕಥೆ ಹೇಳಿ.

ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ನಡುವೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಸೊಂಟ ಅಥವಾ ಮೊಣಕಾಲು ನೋವಿನಿಂದ ಕುಂಟುವುದು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಹೊರಡಿ.

ಫಲ ಏನು? ಕೊರತೆ ತೀವ್ರವಾಗಿದ್ದ ಮಗು ಮೊದಲ ವರ್ಷ 8ರಿಂದ 10 ಸೆಂ.ಮೀ. ಬೆಳೆಯಬಹುದು. ಆದರೆ ನಾನು ಪೋಷಕರಿಗೆ ಹೇಳುವುದು, ಗೆರೆಯನ್ನಷ್ಟೇ ನೋಡಬೇಡಿ. ಮಗಳು ಬಸ್ಸಿನ ಮೆಟ್ಟಿಲು ತಾನೇ ಹತ್ತುತ್ತಾಳೆಯೇ? ಹಾಕಿ ಆಡಲು ಕರೆದರೆ ಹೋಗುತ್ತಾಳೆಯೇ? ಹತ್ತು ವರ್ಷದವಳನ್ನು ಆರು ವರ್ಷದವಳಂತೆ ಎತ್ತಿಕೊಂಡು ಮುದ್ದಿಸುವ ನೆಂಟರನ್ನು ನೀವು ತಡೆಯುತ್ತಿದ್ದೀರಾ? ಅವಳ ವಯಸ್ಸಿಗೆ ತಕ್ಕ ಮಾತು, ತಕ್ಕ ಕೆಲಸ ಕೊಡುವುದು ಯಾವ ಸೂಜಿಯಿಂದಲೂ ಆಗದು. ಹಾರ್ಮೋನ್ ಕೊರತೆಯೇ ಇಲ್ಲದ ಗಿಡ್ಡ ಮಕ್ಕಳಲ್ಲಂತೂ, ಕೆಲವು ಸೆಂ.ಮೀ. ಹೆಚ್ಚಿದ ಮಾತ್ರಕ್ಕೆ ಮನಸ್ಸಿನ ನೆಮ್ಮದಿ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅಂಥ ಮಗುವಿಗೆ ವರ್ಷಗಟ್ಟಲೆ ದಿನಾ ಸೂಜಿ ಚುಚ್ಚಿಸುವ ಮೊದಲು ಎರಡು ಸಲ ಯೋಚಿಸಿ.

ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಎತ್ತರ ನಿಲ್ಲುತ್ತದೆ. ಹಾಗೆಂದು ಫೈಲ್ ಅಟ್ಟಕ್ಕೆ ಹಾಕಬೇಡಿ, ಒಮ್ಮೆ ಮರುಪರೀಕ್ಷೆ ಮಾಡಿಸಿ. ಕೆಲವರಿಗೆ ದೊಡ್ಡವರಾದ ಮೇಲೂ ಕೊರತೆ ಉಳಿಯುತ್ತದೆ. ಸದಾ ಸುಸ್ತು, ಹೊಟ್ಟೆಯ ಸುತ್ತ ಬೊಜ್ಜು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು ಅದರ ಲಕ್ಷಣಗಳು. ಇಂಥವರಿಗೆ ಕಡಿಮೆ ಡೋಸ್‌ನಲ್ಲಿ ಇಂಜೆಕ್ಷನ್ ಮುಂದುವರಿಸುತ್ತಾರೆ. ಚೈತನ್ಯ ಮರಳಿತೇ ಎಂಬುದನ್ನು ಪ್ರಶ್ನಾವಳಿ ಕೊಟ್ಟು ಕೇಳಿಯೇ ತಿಳಿಯುತ್ತಾರೆ.